ಮೂರು ದೋಣಿಯ ದೂರ

ಗಾಳಿ ಕೈಕೊಟ್ಟಿದ್ದರೆ ವೆಲ್ಮಾ ಕಾರ್ಕಮ್ ತಡೆದುಕೊಳ್ಳುತ್ತಿದ್ದಳು. ಹಾಯಿ ಹರಿದು ಚಿಂದಿಯಾಗಿದ್ದರೂ ತಡೆದುಕೊಳ್ಳುತ್ತಿದ್ದಳು. ಆದರೆ ಮುಂದಿನ ದೋಣಿಯಲ್ಲಿ ಕೂತು, ಆ ಕರೀನ್ ಆಷ್ಬಿ ಹೇಳಿದ ಯಾವುದೋ ಹಾಳು ಮಾತಿಗೆ ಅರ್ಲೀನ್ ತಲೆ ಹಿಂದಕ್ಕೆ ಚೆಲ್ಲಿ ನಕ್ಕಳಲ್ಲ, ಆ ನಗು ನೀರಿನ ಮೇಲೆ ಹಾಯ್ದು ಬಂದು ನೇರ ಎದೆಗೇ ಬಡಿಯಿತು. ಹತ್ತೊಂಬತ್ತು ಬೇಸಿಗೆ ತನ್ನ ದೋಣಿಯಲ್ಲಿ ಕೂತವಳು ಒಂದು ದಿನವಾದರೂ ಹೀಗೆ ನಕ್ಕಿದ್ದಳೇ?

"ಏನಂತೆ ಅವಳಿಗೆ ಅಷ್ಟು ತಮಾಷೆ?" ಎಂದಳು ವೆಲ್ಮಾ.

"ಯಾರಿಗೆ?" ಎಂದ ಅವಳ ಗಂಡ ಕ್ಲೈಡ್. ಅವನಿಗೆ ಮುಂದಿನ ಹಾಯಿಯ ಹಗ್ಗ ಹಿಡಿದುಕೊಳ್ಳುವುದೇ ದೊಡ್ಡ ಪಾಡಾಗಿತ್ತು.

"ಯಾರಿಗಾದ್ರೂ ಆಗ್ಲಿ. ನೀನು ಹಗ್ಗ ಬಿಡು. ಬಿಡು ಅಂದ್ನಲ್ಲ! ಎಳೀಬೇಡ ಮಾರಾಯಾ, ಬಿಡು!"

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗಿತ್ತು ಗಂಡ ಹೆಂಡತಿಯ ದೋಣಿ ನಡೆಸುವಿಕೆ. ಕ್ಲೈಡ್ ಕೆಟ್ಟವನಲ್ಲ. ಚಳಿಗಾಲವೆಲ್ಲ ಸಿಗಡಿ ಬುಟ್ಟಿ ಎತ್ತಿ ಎತ್ತಿ ಅವನ ಕೈ ಹಲಗೆಯಾಗಿತ್ತು. ಆ ಕೈಗೆ ಎಂಜಿನ್ ಗೊತ್ತು, ಗಾಳಿ ಗೊತ್ತಿಲ್ಲ. ಈ ಬೇಸಿಗೆ ಹೆಂಡತಿಯ ದೋಣಿಗೆ ಎರಡನೆಯ ಆಳು ಸಿಗಲಿಲ್ಲವೆಂದು, ಮನೆಯಲ್ಲಿ ಅವಳ ಮುಖ ನೋಡಲಾಗದೆ ಹತ್ತಿದ್ದ, ಅಷ್ಟೇ.

ಆಗಸ್ಟ್ ತಿಂಗಳ ಕೊನೆಯ ಶನಿವಾರ. ಟ್ಯಾನರ್ಸ್ ಕೋವ್ ಎಂಬ ಕಡಲೂರಿನ ಬೇಸಿಗೆಯ ಕೊನೆಯ ದೋಣಿ ಪಂದ್ಯ. ಹನ್ನೊಂದು ಮರದ ದೋಣಿಗಳಲ್ಲಿ ಒಂಬತ್ತು ಹಿಂದೆಲ್ಲೋ ಉಳಿದಿದ್ದವು. ಮುಂದಿದ್ದದ್ದು ಎರಡೇ: ಕರೀನಳ 'ಕ್ವಿಕ್‌ಸ್ಟೆಪ್', ಅದರ ಬೆನ್ನಿಗೇ ವೆಲ್ಮಾಳ 'ಎಡ್ನಾ'. ಇಬ್ಬರಲ್ಲಿ ಯಾರು ಮುಂಚೆ ದಡದ ಗೆರೆ ದಾಟುತ್ತಾರೋ ಅವರ ಮನೆಗೆ ಹಿತ್ತಾಳೆಯ ಹಳೇ ಹಡಗಿನ ಲಾಂದ್ರ ಹೋಗುತ್ತದೆ, ಚಳಿಗಾಲವೆಲ್ಲ ಅವರ ಕಿಟಕಿಯಲ್ಲಿ ಕೂರುತ್ತದೆ. ಲಾಂದ್ರ ಬೇಕಿತ್ತು ವೆಲ್ಮಾಳಿಗೆ, ಇಲ್ಲವೆನ್ನಲಾಗದು. ಆದರೆ ನಿಜ ಹೇಳಬೇಕೆಂದರೆ ಲಾಂದ್ರ ಬರೀ ನೆಪ. ಅವಳಿಗೆ ಬೇಕಿದ್ದದ್ದು ಅರ್ಲೀನ್.

ಆ ಕಥೆ ಮೇ ತಿಂಗಳದ್ದು. ವೆಲ್ಮಾ ಶೆಡ್ಡಿನಲ್ಲಿ ದೋಣಿಯ ಹೊಟ್ಟೆಯ ಹಳೇ ಬಣ್ಣ ಕೆರೆಯುತ್ತಿದ್ದಾಗ ಅರ್ಲೀನ್ ಬಂದು ಬಾಗಿಲಲ್ಲೇ ನಿಂತಿದ್ದಳು. ಒಳಗೆ ಬರಲಿಲ್ಲ.

"ಈ ವರ್ಷ ಕರೀನ್ ಜೊತೆ ಹೋಗ್ತೀನಿ ವೆಲ್ಮಾ."

"ಯಾವ ಕರೀನ್? ಆ ಟೊರಾಂಟೋದಿಂದ ಬಂದವಳಾ? ಬಂದು ಎರಡು ವರ್ಷ ಆಗಿಲ್ಲ, ಇಲ್ಲಿನ ಬಂಡೆ ಯಾವುದು ಸುಳಿ ಯಾವುದು ಗೊತ್ತಿಲ್ಲ ಅವಳಿಗೆ."

"ಗೊತ್ತಿಲ್ಲ. ಕೇಳ್ತಾಳೆ. ಒಂದು ವಾರ ಅವಳು ಚುಕ್ಕಾಣಿ, ಒಂದು ವಾರ ನಾನು ಅಂದಿದ್ದಾಳೆ."

"ಚುಕ್ಕಾಣಿ ನಿನಗ್ಯಾಕೆ ಈಗ?" ಎಂದುಬಿಟ್ಟಿದ್ದಳು ವೆಲ್ಮಾ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅರ್ಲೀನ್ ಇಪ್ಪತ್ತೆರಡು ವರ್ಷದಿಂದ ಶಾಲೆಯ ಬಸ್ ಓಡಿಸುವವಳು. ಮಂಜು ಕವಿದ ಕಡಲ ದಂಡೆಯ ರಸ್ತೆಯಲ್ಲಿ, ಒಂದು ಕಡೆ ಬಂಡೆ ಒಂದು ಕಡೆ ನೀರು, ಊರಿನ ಮಕ್ಕಳನ್ನೆಲ್ಲ ಕೂರಿಸಿಕೊಂಡು ಒಂದು ಗೀರು ಬೀಳದ ಹಾಗೆ ಹೋಗಿ ಬರುವವಳು. ಅವಳು ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋದಳು.

ಅಂದಿನಿಂದ ವೆಲ್ಮಾಳ ಹೊಟ್ಟೆಯಲ್ಲಿ ಹೊತ್ತಿಕೊಂಡದ್ದು ಆರಲೇ ಇಲ್ಲ. ಅಡಿಗೆಮನೆಯ ಕಿಟಕಿಯಲ್ಲಿ ದುರ್ಬೀನು ಇಟ್ಟುಕೊಂಡಳು, ಹಕ್ಕಿ ನೋಡಲಿಕ್ಕೆ ಎಂದು ಗಂಡನಿಗೆ ಹೇಳಿದಳು. ಹಕ್ಕಿ ಯಾರಿಗೆ ಬೇಕಿತ್ತು! ಅರ್ಲೀನ್ ಓಟ್ಸ್ ಬಿಸ್ಕತ್ತಿನ ನೀಲಿ ಡಬ್ಬಿ ಹಿಡಿದುಕೊಂಡು ಆ ದೋಣಿ ಹತ್ತುವುದನ್ನು ನೋಡಿದಳು. ಅದೇ ಡಬ್ಬಿ! ಹತ್ತೊಂಬತ್ತು ವರ್ಷ ತನ್ನ ದೋಣಿಗೆ ಬರುತ್ತಿದ್ದ ಡಬ್ಬಿ! ಕರೀನ್ ಒಂದು ಬಿಸ್ಕತ್ತು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಚಪ್ಪರಿಸಿದಾಗ, ಅದು ಗಂಟಲಲ್ಲಿ ಸಿಕ್ಕಿಹಾಕಿಕೊಳ್ಳಲಿ ಎಂದು ವೆಲ್ಮಾ ಬಾಯಿಬಿಟ್ಟೇ ಶಪಿಸಿದಳು. ಐವತ್ತಾರು ವರ್ಷದ ಹೆಂಗಸು! ನಾಚಿಕೆಯೂ ಆಯಿತು. ನಾಚಿಕೆಯಾದರೆ ಕಿಚ್ಚು ಆರುತ್ತದೆಯೇ?

ಈಗ ಆ ನಗು.

ಮುಂದೆ ಕಿತ್ತಳೆ ಬಣ್ಣ ಬಳಿದ ಪೀಪಾಯಿ ತೇಲುತ್ತಿತ್ತು. ಅದನ್ನು ಸುತ್ತು ಹಾಕಿ ತಿರುಗಿದರೆ ಮುಗಿಯಿತು, ಅಲ್ಲಿಂದ ಗೆರೆಯವರೆಗೆ ದಾರಿ ಕಿರಿದು, ಮುಂದಿದ್ದವರನ್ನು ದಾಟಲಾಗದು. ಏನು ಮಾಡಿದರೂ ಪೀಪಾಯಿಯ ಹತ್ತಿರವೇ ಮಾಡಬೇಕು. ನಿಯಮವೇನೋ ಊರಿನ ಕೂಸಿಗೂ ಗೊತ್ತು. ಹಿಂದಿನಿಂದ ಬರುವ ದೋಣಿ ಮುಂದಿನದಕ್ಕೆ ದಾರಿ ಬಿಟ್ಟೇ ಹೋಗಬೇಕು. ಆದರೆ ಪೀಪಾಯಿ ಇನ್ನೂ ಮೂರು ದೋಣಿಯ ದೂರ, ಅಂದರೆ ಮೂರು ದೋಣಿ ಉದ್ದದಷ್ಟು, ಇರುವಾಗಲೇ ಹಿಂದಿನ ದೋಣಿಯ ಮೂತಿ ಮುಂದಿನದರ ಹಿಂಬದಿಯ ಗೆರೆ ದಾಟಿ ಒಳಮಗ್ಗುಲಿಗೆ ಸೇರಿತೋ, ಆಗ ಹೊರಗಿನವಳು ಒಳಗಿನವಳಿಗೆ ತಿರುಗಲು ಜಾಗ ಕೊಡಲೇಬೇಕು. ಒಂದು ಗೇಣು ಕಡಮೆಯಾದರೂ ಹಕ್ಕಿಲ್ಲ, ಬಾಲ ಮುದುರಿಕೊಂಡು ಹಿಂದೆ ಹೋಗಬೇಕು.

ಆ ಗೇಣು ನೋಡುವ ಕಣ್ಣು ಯಾವಾಗಲೂ ಅರ್ಲೀನಳದ್ದಾಗಿತ್ತು. ಚುಕ್ಕಾಣಿ ಹಿಡಿದವಳಿಗೆ ಹಾಯಿ ಅಡ್ಡ, ಕಾಣುವುದಿಲ್ಲ. ಅರ್ಲೀನ್ ಮುಂದೆ ಬಗ್ಗಿ ನೋಡಿ "ಮಗ್ಗುಲಾಯ್ತು!" ಎಂದರೆ ಆಯಿತು, "ಇಲ್ಲ" ಎಂದರೆ ಇಲ್ಲ. ಅವಳು ಹೇಳಿದ್ದನ್ನು ಬೇರೆ ದೋಣಿಯವರೂ ಎದುರು ಮಾತಾಡುತ್ತಿರಲಿಲ್ಲ. ನೀರಿನ ಮೇಲೆ ಅವಳ ಮಾತಿಗೆ ಅಷ್ಟು ಬೆಲೆ.

ಇವತ್ತು ಕ್ಲೈಡ್ ಬೆನ್ನು ಹಾಕಿ ಹಗ್ಗದ ಗಂಟು ಬಿಡಿಸುತ್ತಿದ್ದ. ವೆಲ್ಮಾ ತಾನೇ ಬಗ್ಗಿ ನೋಡಿದಳು. ಸ್ಪಷ್ಟವಾಗಿ ಕಂಡಿತು. ತನ್ನ ದೋಣಿಯ ಮೂತಿಗೂ ಕರೀನಳ ದೋಣಿಯ ಹಿಂಬದಿಗೂ ನಡುವೆ ಒಂದು ಮಾರು ಹಸಿರು ನೀರು. ಸೇರಿರಲಿಲ್ಲ. ಪೀಪಾಯಿ ಮೂರು ದೋಣಿಯ ದೂರಕ್ಕೆ ಬಂದೇ ಬಿಟ್ಟಿತ್ತು.

ಆಗ ಅರ್ಲೀನ್ ಇನ್ನೊಮ್ಮೆ ನಕ್ಕಳು.

"ಮಗ್ಗುಲಾಯ್ತು! ಜಾಗ ಬಿಡು!" ಎಂದು ಕಿರುಚಿ ವೆಲ್ಮಾ ಚುಕ್ಕಾಣಿ ಒತ್ತಿ ಒಳಗೆ ನುಗ್ಗಿದಳು.

"ಇಲ್ಲ! ನಿಂಗೆ ಜಾಗ ಇಲ್ಲ!" ಕರೀನ್ ತನ್ನ ಪಾಡಿಗೆ ಪೀಪಾಯಿಯ ಕಡೆ ತಿರುಗಿದಳು. 'ಎಡ್ನಾ'ದ ಮೂತಿ 'ಕ್ವಿಕ್‌ಸ್ಟೆಪ್'ನ ಮಗ್ಗುಲನ್ನು ಕರ್‌ರ್ ಎಂದು ಕೆರೆದುಕೊಂಡು ಹೋಯಿತು. ಬಿಳೀ ಬಣ್ಣ ಸಿಪ್ಪೆಯಾಗಿ ಎದ್ದಿತು. ಅರ್ಲೀನ್ ಮರಕ್ಕೆ ಕೈಯಿಟ್ಟು ತಳ್ಳಿ ಎರಡು ದೋಣಿಗಳನ್ನೂ ಬಿಡಿಸಿದಳು. ಆ ಗಳಿಗೆಯಲ್ಲಿ ಇಬ್ಬರ ಮುಖವೂ ಕೈಯಳತೆಯಲ್ಲಿತ್ತು. ಅರ್ಲೀನಳ ಮುಖದಲ್ಲಿ ನಗು ಇರಲಿಲ್ಲ. ಸಾಕು, ಅಷ್ಟು ಸಾಕು ಎಂದುಕೊಂಡಿತು ವೆಲ್ಮಾಳ ಒಳಮನಸ್ಸು.

ಈ ಆಟದಲ್ಲಿ ನೀರಿನ ಮೇಲೆ ಸೀಟಿ ಊದುವವರಿಲ್ಲ. ತಪ್ಪು ಮಾಡಿದವಳು ತಾನೇ ಒಪ್ಪಿಕೊಂಡು, ಅಲ್ಲೇ ಎರಡು ಸುತ್ತು ಗಿರಕಿ ಹೊಡೆದು ಮುಂದೆ ಹೋಗಬೇಕು. ಯಾರೂ ಹೊಡೆಸುವುದಿಲ್ಲ. ವೆಲ್ಮಾಳ ಅಪ್ಪ ಒಮ್ಮೆ, ಯಾರೂ ನೋಡದೆ ಇದ್ದಾಗ, ಪೀಪಾಯಿಗೆ ಅಂಗಿಯ ತೋಳು ತಾಗಿತೆಂದು ಸುತ್ತು ಹೊಡೆದು ಲಾಂದ್ರ ಕಳೆದುಕೊಂಡಿದ್ದ. ಅವನ ಮಗಳು ಸುತ್ತು ಹೊಡೆಯಲಿಲ್ಲ. "ದೂರು!" ಎಂದು ಕೂಗಿ, ದೂರಿನ ಗುರುತಾಗಿ ಹಗ್ಗಕ್ಕೆ ಕೆಂಪು ಬಟ್ಟೆ ಕಟ್ಟಿದಳು. ಕರೀನಳೂ ಕೆಂಪು ಬಟ್ಟೆ ಕಟ್ಟಿದಳು. ಕರೀನ್ ಮೊದಲು ಗೆರೆ ದಾಟಿದಳು, ವೆಲ್ಮಾ ಎರಡನೆಯವಳಾದಳು, ಲಾಂದ್ರ ಯಾರದ್ದೆಂದು ಯಾರಿಗೂ ಗೊತ್ತಿಲ್ಲ.

ಧಕ್ಕೆಯಲ್ಲಿ ದೋಣಿ ಕಟ್ಟುವಾಗ ಕ್ಲೈಡ್ ಕೇಳಿದ, "ನಿಜಕ್ಕೂ ಸೇರಿತ್ತೇನೇ?"

"ನೀನು ನೋಡಿದ್ಯಾ?"

"ನಾನೆಲ್ಲಿ ನೋಡ್ದೆ, ಗಂಟು ಬಿಡಿಸ್ತಿದ್ದೆ."

"ಹಾಗಾದ್ರೆ ಬಾಯಿ ಮುಚ್ಕೊಂಡಿರು."

ಅವನು ಮುಚ್ಚಿಕೊಂಡ. ಮೂವತ್ತು ವರ್ಷದ ಸಂಸಾರದಲ್ಲಿ ಅವನು ಚೆನ್ನಾಗಿ ಕಲಿತ ವಿದ್ಯೆ ಅದು.

ವಿಚಾರಣೆ ದೋಣಿ ಕ್ಲಬ್ಬಿನ ಮಹಡಿಯ ಕೋಣೆಯಲ್ಲಿ, ನಾಲ್ಕು ಗಂಟೆಗೆ. ಕೆಳಗೆ ಮೀನಿನ ಸೂಪು ಕುದಿಯುವ ವಾಸನೆ ಮೇಲಕ್ಕೆ ಬರುತ್ತಿತ್ತು. ಮೇಜಿನ ಮೇಲೆ ಬೆರಳುದ್ದದ ಎರಡು ಮರದ ದೋಣಿ, ಪೀಪಾಯಿಗೆ ಬದಲು ಒಂದು ಬಾಟಲಿ ಬಿರಡೆ. ಮಧ್ಯದಲ್ಲಿ ಕೂತವರು ಓರಿನ್ ನಿಕಲ್, ನಿವೃತ್ತ ದೋಣಿ ಕ್ಯಾಪ್ಟನ್, ಎಪ್ಪತ್ತೆಂಟು ವರ್ಷ, ಕಿವಿ ಮಂದ, ಕಣ್ಣು ಚುರುಕು. ಅವರ ಎರಡು ಪಕ್ಕದಲ್ಲಿ ತೀರ್ಪು ಸಮಿತಿಯ ಇಬ್ಬರು ಸದಸ್ಯರು.

ಕರೀನ್ ಮೊದಲು ಹೇಳಿದಳು. ಆಟಿಕೆ ದೋಣಿಯನ್ನು ಬೆರಳಲ್ಲಿ ತಳ್ಳಿ, "ಇಲ್ಲಿ ನಾನು, ಅಲ್ಲಿ ಅವರು. ನಡುವೆ ನೀರು ಕಾಣ್ತಿತ್ತು. ಮೂರು ದೋಣಿ ದೂರಕ್ಕೆ ಬಂದಾಗ ಸೇರಿರಲಿಲ್ಲ" ಎಂದಳು. ಜೋರಿಲ್ಲ, ಸಿಟ್ಟಿಲ್ಲ. ಅದೂ ವೆಲ್ಮಾಳಿಗೆ ಸಹಿಸಲಾಗಲಿಲ್ಲ. ಸಿಟ್ಟಾದರೂ ಬರಬಾರದೇ ಇವಳಿಗೆ!

"ಸೇರಿತ್ತು. ಹಕ್ಕು ನಂದು," ಎಂದಳು ವೆಲ್ಮಾ.

ಓರಿನ್ ಕನ್ನಡಕ ಹಣೆಗೆ ಏರಿಸಿದರು. "ನೋಡಮ್ಮ ವೆಲ್ಮಾ, ನೀನು ಹಿಂದಿನಿಂದ ಬಂದವಳು. ಅನುಮಾನ ಅಂತ ಬಂದ್ರೆ ಸೇರಿಲ್ಲ ಅಂತಾನೇ ನಾವು ತಗೋಬೇಕು, ಅದು ನಿಂಗೂ ಗೊತ್ತು. ಬರೀ ನಿನ್ ಮಾತು ಸಾಲದು. ಕ್ಲೈಡ್ ನೋಡಿದ್ನಾ?"

"ಕ್ಲೈಡ್ ಏನನ್ನೂ ನೋಡಲ್ಲ ಕ್ಯಾಪ್ಟನ್."

ಸದಸ್ಯರೊಬ್ಬರು ನಗು ನುಂಗಿದರು.

"ಮತ್ತೆ ಸಾಕ್ಷಿ?"

"ಇದ್ದಾಳೆ," ಎಂದಳು ವೆಲ್ಮಾ. "ಅರ್ಲೀನ್ ಹರ್ಟಲ್‌ನ ಕರೀರಿ."

ಎದುರಾಳಿಯ ದೋಣಿಯವಳನ್ನೇ ತನ್ನ ಸಾಕ್ಷಿಯಾಗಿ ಕರೆದವರನ್ನು ಟ್ಯಾನರ್ಸ್ ಕೋವ್ ಇದುವರೆಗೆ ಕಂಡಿರಲಿಲ್ಲ. ಕರೀನಳ ಮುಖ ಅರಳಿತು. ಅವಳು ನನ್ನ ಜೊತೆಗಾತಿ, ಕಂಡದ್ದು ಹೇಳುತ್ತಾಳೆ, ಮುಗಿಯಿತಲ್ಲ ಎಂದು ಅವಳ ಲೆಕ್ಕಾಚಾರ.

ವೆಲ್ಮಾಳದ್ದು ಬೇರೆ. ಅವಳಿಗೆ ಅರ್ಲೀನ್ ಇಲ್ಲಿ, ಎಲ್ಲರ ಎದುರು, ಯಾರ ಕಡೆ ಎಂದು ಹೇಳಬೇಕಿತ್ತು. ಇಲ್ಲ ಎಂದರೆ ಲಾಂದ್ರ ಹೋಗಲಿ, ಕೊನೆಗೆ ಮನಸ್ಸಾದರೂ ಗಟ್ಟಿಯಾಗುತ್ತದೆ. ಹೌದು ಎಂದರೆ? ಹೌದು ಎಂದರೆ ಆ ಹೆಂಗಸಿನ ದೋಣಿಗೆ ಇವಳು ಮತ್ತೆ ಹತ್ತುವ ಹಾಗಿಲ್ಲ.

ಅರ್ಲೀನ್ ಬಂದಳು. ಅಂಗೈಗೆ ಬಟ್ಟೆ ಸುತ್ತಿಕೊಂಡಿದ್ದಳು, ದೋಣಿ ಬಿಡಿಸುವಾಗ ಮರದ ಸಿಬಿರು ಹೊಕ್ಕಿತ್ತು. ಕೂರಲಿಲ್ಲ, ಕುರ್ಚಿಯ ಬೆನ್ನು ಹಿಡಿದು ನಿಂತಳು.

"ಮೂರು ದೋಣಿ ದೂರದಲ್ಲಿ 'ಎಡ್ನಾ' ಮಗ್ಗುಲು ಸೇರಿತ್ತಾ?" ಎಂದರು ಓರಿನ್.

ಅರ್ಲೀನ್ ವೆಲ್ಮಾಳನ್ನು ನೋಡಿದಳು. ಆ ಶೆಡ್ಡಿನ ದಿನದಿಂದ ಮೊದಲ ಬಾರಿ ನೆಟ್ಟಗೆ ನೋಡಿದಳು. ವೆಲ್ಮಾಳ ಕಣ್ಣಿನಲ್ಲಿ ಏನು ಕಂಡಿತೋ ಏನೋ! ಬೇಡಿಕೆಯೋ, ಬೆದರಿಕೆಯೋ, ಎರಡೂ ಇತ್ತೇನೋ.

"ಗಾಳಿ ಹಾಗಿತ್ತು, ದೋಣಿ ಏರಿಳೀತಿತ್ತು..." ಎಂದು ಶುರು ಮಾಡಿದಳು ಅರ್ಲೀನ್.

"ಅಡ್ಡಗೋಡೆ ಮೇಲೆ ದೀಪ ಇಡ್ಬೇಡಮ್ಮ. ಹೌದೋ, ಅಲ್ವೋ?"

"ಹೌದು. ಸೇರಿತ್ತು."

ಕರೀನ್ ಮೇಜಿನ ಮೇಲಿನ ಆಟಿಕೆ ದೋಣಿಯನ್ನೇ ನೋಡುತ್ತ ಕೂತಳು. ವೆಲ್ಮಾಳ ಎದೆಯಲ್ಲಿ ಸಂತೋಷ ಭುಗ್ಗೆಂದು ಹತ್ತಿತು. ನನ್ನವಳು! ಇನ್ನೂ ನನ್ನವಳೇ! ಕರೀನಳ ಕಡೆ ನೋಡಿ ನಗಬೇಕೆನಿಸಿತು, ತುಟಿ ಕಚ್ಚಿ ತಡೆದುಕೊಂಡಳು.

"ನಾವು ಮೂವರೂ ಮಾತಾಡ್ಕೋತೀವಿ. ಎಲ್ರೂ ಹತ್ತು ನಿಮಿಷ ಹೊರಗಿರಿ," ಎಂದರು ಓರಿನ್.

ಕರೀನ್ ಯಾರನ್ನೂ ನೋಡದೆ ಮೆಟ್ಟಿಲಿಳಿದು ಹೋದಳು. ಮೆಟ್ಟಿಲ ತಲೆಯಲ್ಲಿ ವೆಲ್ಮಾ ಅರ್ಲೀನಳ ತೋಳು ಹಿಡಿದಳು.

"ನೀನು ಬರ್ತೀಯ ಅಂತ ನಂಗೊತ್ತಿತ್ತು ಕಣೇ."

"ಬಂದ್ನಾ? ಎಲ್ಲಿಗೆ ಬಂದೆ?" ಅರ್ಲೀನ್ ತೋಳು ಬಿಡಿಸಿಕೊಂಡಳು. ದನಿ ಏರಲಿಲ್ಲ. "ಒಂದು ಮಾರು ನೀರಿತ್ತು ವೆಲ್ಮಾ. ನೀನೂ ನೋಡ್ದೆ. ಬಗ್ಗಿ ನೋಡ್ತಿದ್ದದ್ದು ನಂಗೆ ಕಾಣಿಸ್ತು."

"ಮತ್ಯಾಕೆ ಹೌದು ಅಂದೆ?"

"ನೀನು ಕೇಳಿದ್ಯಲ್ಲ, ಅದಕ್ಕೆ. ಹತ್ತೊಂಬತ್ತು ವರ್ಷ ನೀನು ಕೇಳಿದ್ದಕ್ಕೆಲ್ಲ ಹೌದು ಅಂದು ಅಂದು ಅಭ್ಯಾಸ. ಎಳಿ ಅಂದ್ರೆ ಎಳ್ದೆ, ಬಿಡು ಅಂದ್ರೆ ಬಿಟ್ಟೆ. ಆರು ಸಲ ಗೆದ್ವಿ, ಆರು ಸಲಾನೂ ಲಾಂದ್ರ ನಿಮ್ಮನೇಲೇ ಇತ್ತು, ಒಂದು ವಾರ ನೀನಿಟ್ಕೋ ಅಂದ್ಯಾ? ಹೋಗ್ಲಿ, ಅದು ನಂಗೆ ಬೇಕಾಗೂ ಇರ್ಲಿಲ್ಲ. ಆದ್ರೆ ನೀರಿನ ಮೇಲೆ ಇಷ್ಟು ವರ್ಷದಲ್ಲಿ ನಾನೊಂದು ಸುಳ್ಳು ಹೇಳಿರಲಿಲ್ಲ. ಅದೊಂದಿತ್ತು ನಂದು ಅಂತ. ಅದೂ ನಿಂಗೇ ಬೇಕಾಯ್ತು."

"ವಾಪಸ್ ಬಾ ಅರ್ಲೀನ್. ಚುಕ್ಕಾಣಿ ಕೊಡ್ತೀನಿ. ಪ್ರತಿ ವಾರ ನೀನೇ ಹಿಡಿ."

"ಇನ್ನು ಯಾರ ದೋಣೀನೂ ಹತ್ತಲ್ಲ. ಕರೀನ್ ಮುಖ ನೋಡೋಕೆ ನಂಗೆ ಮುಖ ಇಲ್ಲ. ನಿನ್ನ ಮುಖ ನೋಡೋಕೆ ಮನಸ್ಸಿಲ್ಲ."

ಅವಳು ಕೆಳಗಿಳಿದಳು. ವೆಲ್ಮಾ ಗೋಡೆಗೊರಗಿ ನಿಂತಳು.

ಮೊದಲು ಬಂದದ್ದು ದುಃಖವಲ್ಲ. ದೇವರೇ, ಹೇಳಲಿಕ್ಕೂ ನಾಚಿಕೆ, ಮೊದಲು ಬಂದದ್ದು ಒಂದು ಬಗೆಯ ನೆಮ್ಮದಿ. ಕರೀನಳಿಗೂ ಇಲ್ಲವಲ್ಲ! ಇನ್ನು ಶನಿವಾರ ಶನಿವಾರ ಆ ನಗು ಕೇಳುವ ಹಾಗಿಲ್ಲವಲ್ಲ! ಬೇಸಿಗೆಯೆಲ್ಲ ಬಯಸಿದ್ದೂ ಇದನ್ನೇ ಅಲ್ಲವೇ? ಆಮೇಲೆ ಮೆಟ್ಟಿಲ ಕಿಟಕಿಯಿಂದ ಕೆಳಗೆ ನೋಡಿದಳು. ಅರ್ಲೀನ್ ಧಕ್ಕೆಯ ತುದಿಯಲ್ಲಿ ನೀರಿಗೆ ಬೆನ್ನು ಹಾಕಿ ಕೂತಿದ್ದಳು. ಹದಿನೇಳು ವರ್ಷದ ಹುಡುಗಿಯಾಗಿದ್ದಾಗಿಂದ ವೆಲ್ಮಾ ಅವಳನ್ನು ಬಲ್ಲಳು. ನೀರಿಗೆ ಬೆನ್ನು ಹಾಕಿ ಕೂತದ್ದನ್ನು ಒಮ್ಮೆಯೂ ಕಂಡಿರಲಿಲ್ಲ. ಆ ನೆಮ್ಮದಿ ಹೊಟ್ಟೆಯಲ್ಲೇ ಹುಳಿಯಾಯಿತು. ಏನು ಮಾಡಿಬಿಟ್ಟೆ ನಾನು!

ಒಳಗೆ ಹೋಗಿ ನಿಜ ಹೇಳಿಬಿಡಲೇ? ಹೇಳಿದರೆ ತಾನು ಕಳ್ಳಿಯಾಗುವುದು ಹಾಗಿರಲಿ, ಅರ್ಲೀನ್ ಸುಳ್ಳಿಯಾಗುತ್ತಾಳೆ. ಸುಳ್ಳು ಸಾಕ್ಷಿ ಹೇಳಿದವಳನ್ನು ಕ್ಲಬ್ ಮೆಟ್ಟಿಲು ಹತ್ತಿಸುವುದಿಲ್ಲ. ಊರಿನಲ್ಲಿ ಬಾಯಿಂದ ಬಾಯಿಗೆ ಹೋಗುತ್ತದೆ, ಬಸ್ಸಿನ ಮಕ್ಕಳ ಕಿವಿಗೂ ಬೀಳುತ್ತದೆ. ಹೇಳದಿದ್ದರೆ ಲಾಂದ್ರ ತನ್ನ ಕಿಟಕಿಯಲ್ಲಿ ಕೂರುತ್ತದೆ.

ಅವಳು ಬಾಗಿಲು ಬಡಿಯದೆ ಒಳಗೆ ಹೋದಳು. "ಕ್ಯಾಪ್ಟನ್, ನನ್ನ ದೂರು ವಾಪಸ್ ತಗೋತೀನಿ. ಪಂದ್ಯಾನೂ ಬಿಟ್ಟೆ. 'ಎಡ್ನಾ' ಹೆಸರು ಪಟ್ಟಿಯಿಂದ ಹೊಡೀರಿ."

ಇಬ್ಬರು ಸದಸ್ಯರೂ ಮುಖ ಮುಖ ನೋಡಿಕೊಂಡರು. "ನಾವು ನಿನ್ ಕಡೆಗೇ ಬರೀತಿದ್ವಲ್ಲಮ್ಮ!" ಎಂದರು ಒಬ್ಬರು.

"ಬರೀಬೇಡಿ."

"ಕಾರಣ?" ಎಂದರು ಓರಿನ್.

"ಪಂದ್ಯ ಬಿಡೋಳು ಕಾರಣ ಹೇಳ್ಬೇಕು ಅಂತ ಯಾವ ನಿಯಮದಲ್ಲಿದೆ?"

ಓರಿನ್ ಅವಳ ಮುಖವನ್ನು ಬಹಳ ಹೊತ್ತು ನೋಡಿದರು. ಅವಳ ಅಪ್ಪನ ಜೊತೆ ಮೂವತ್ತು ವರ್ಷ ದೋಣಿ ಓಡಿಸಿದವರು ಅವರು. ಬರೆದಿದ್ದ ಹಾಳೆಯನ್ನು ಎರಡಾಗಿ ಹರಿದರು. "ಯಾವುದರಲ್ಲೂ ಇಲ್ಲ. ಅರ್ಲೀನ್ ಹೇಳಿಕೆಯ ಅಗತ್ಯವೂ ಇನ್ನು ಇಲ್ಲ, ಅದೂ ಹೋಯ್ತು. ಕೆಳಗೆ ಹೋಗಿ ಸೂಪು ಕುಡಿ, ಬಿಳಿಚಿಕೊಂಡಿದ್ದೀಯ."

ಸೂಪಿನ ಕಡೆ ತಿರುಗಿಯೂ ನೋಡದೆ ಅವಳು ಅಂಗಳಕ್ಕೆ ಬಂದಳು. ಕ್ಲೈಡ್ ಟ್ರಕ್ಕಿಗೆ ಹಾಯಿ ಹಾಕಿ ಕಾಯುತ್ತಿದ್ದ. ಸುದ್ದಿ ಆಗಲೇ ಅವಳಿಗಿಂತ ಮೊದಲು ಕೆಳಗಿಳಿದಿತ್ತು. ಯಾರೋ ಕರೀನಳ ಕೈಗೆ ಲಾಂದ್ರ ಕೊಟ್ಟರು, ಯಾರೋ ಚಪ್ಪಾಳೆ ತಟ್ಟಿದರು. ಕರೀನ್ ಲಾಂದ್ರವನ್ನು ಅಲ್ಲೇ ಒಂದು ಪೆಟ್ಟಿಗೆಯ ಮೇಲಿಟ್ಟು ಧಕ್ಕೆಯ ತುದಿಗೆ ನಡೆದಳು.

ಈಗ ಬರುತ್ತದೆ ನೋಡು ಎಂದುಕೊಂಡಳು ವೆಲ್ಮಾ. ಈಗ ಬೈಯುತ್ತಾಳೆ. ಎಲ್ಲರ ಎದುರು ಬೆನ್ನಿಗೆ ಚೂರಿ ಹಾಕಿದವಳನ್ನು ಯಾರು ಬಿಡುತ್ತಾರೆ? ತಾನಾಗಿದ್ದರೆ ಸಾಯುವತನಕ ಮಾತಾಡಿಸುತ್ತಿರಲಿಲ್ಲ. ಚುಕ್ಕಾಣಿ ಕೇಳಿದ್ದಕ್ಕೇ ನಾಲ್ಕು ತಿಂಗಳು ಮಾತಾಡಿಸಲಿಲ್ಲವಲ್ಲ ತಾನು.

ಅರ್ಲೀನ್ ಎದ್ದು ನಿಂತಳು. ಏನೋ ಹೇಳಲು ಹೋದಳು, ಅರ್ಧಕ್ಕೇ ಅಳು ಬಂತು. ಕರೀನ್ ಅವಳ ಗಾಯದ ಕೈ ಹಿಡಿದು ಬಟ್ಟೆ ಬಿಚ್ಚಿ ನೋಡಿದಳು. ಗಾಳಿ ಅತ್ತಿಂದ ಇತ್ತ ಬೀಸುತ್ತಿತ್ತು, ಮಾತು ಒಂದೊಂದೂ ಕೇಳಿಸಿತು.

"ಇನ್ನೂ ಇದೆ ಸಿಬಿರು. ಮನೆಗೆ ಬಾ, ಬಿಸಿನೀರಲ್ಲಿಟ್ಟು ತೆಗೀತೀನಿ."

"ಕರೀನ್, ನಾನು ಅಲ್ಲಿ..."

"ಗೊತ್ತು. ನಂಗೆ ತುಂಬಾ ನೋವಾಯ್ತು. ಆದ್ರೆ ವೆಲ್ಮಾ ನಿನಗೆ ಏನು ಅಂತ ನಂಗೂ ಗೊತ್ತಿದೆ. ಇವತ್ತು ಅದು ಬೇಡ ಮಾರಾಯ್ತಿ, ಮೊದಲು ಈ ಕೈ ನೋಡೋಣ."

ಅಷ್ಟೇ. ಕೂಗಾಟವಿಲ್ಲ, ಷರತ್ತಿಲ್ಲ. ವೆಲ್ಮಾಳ ಹೊಟ್ಟೆಯಲ್ಲಿ ಎದ್ದ ಉರಿ ಬೇಸಿಗೆಯ ಎಲ್ಲ ಉರಿಗಿಂತ ಹೆಚ್ಚಿತ್ತು. ಡಬ್ಬಿಗೆ ಉರಿದದ್ದು, ನಗುವಿಗೆ ಉರಿದದ್ದು ಏನೂ ಅಲ್ಲ ಇದರ ಮುಂದೆ. ತನಗೆ ಹುಟ್ಟಿದಂದಿನಿಂದ ಬಾರದ ಒಂದು ಕೆಲಸವನ್ನು ಆ ಹೆಂಗಸು ನಿಂತ ನಿಲುವಿನಲ್ಲಿ ಮಾಡಿ ಮುಗಿಸಿದ್ದಳು.

ಕ್ಲೈಡ್ ಪಕ್ಕಕ್ಕೆ ಬಂದು ನಿಂತ. ಅವನಿಗೆ ಎಲ್ಲವೂ ತಿಳಿದಿತ್ತೋ ಏನೂ ತಿಳಿದಿರಲಿಲ್ಲವೋ, ಹೇಳುವುದು ಕಷ್ಟ.

"ನೀನೂ ಹೋಗಿ ಒಂದು ಮಾತಾಡ್ಸಬಾರ್ದಾ ಅವಳನ್ನ? ಲಾಂದ್ರಾನೇ ಬಿಟ್ಟು ಕೊಟ್ಟಿದ್ದೀಯ, ಇನ್ನೇನು?"

ವೆಲ್ಮಾ ಒಂದು ಹೆಜ್ಜೆ ಮುಂದಿಟ್ಟಳು. ಆಮೇಲೆ ನಿಂತಳು.

"ಈಗ ಹೋದ್ರೆ ಮಾತಾಡ್ಸೋಕೆ ಹೋಗಿರಲ್ಲ ಕ್ಲೈಡ್," ಎಂದಳು. "ಅವಳ ಕೈಯಿಂದ ಆ ಹೆಂಗಸಿನ ಕೈ ಬಿಡಿಸೋಕೆ ಹೋಗಿರ್ತೀನಿ. ನಡಿ, ಗಾಡಿ ತೆಗಿ."